ಕೋಷ್ಟಕದ ಖಾಲಿ ಮನೆಗಳು

ಮಂಗಳವಾರ, ಗುರುವಾರ, ರಾತ್ರಿ ಏಳೂವರೆ.
ಅರೆಕೀಪಾದ ಬಿಳಿಗಲ್ಲಿನ ಇಗರ್ಜಿಯ ಹಿಂಬದಿ
ಮಡಚುವ ಕುರ್ಚಿ ಹನ್ನೊಂದು, ಟ್ಯೂಬ್‌ಲೈಟು ಒಂದೂವರೆ:
ಆ ಅರ್ಧ, ಮನಸ್ಸಾದಾಗ ಹತ್ತಿಕೊಳ್ಳುವುದು.
ಕಾಸಿಮಿರಾ ಕೋಲ್ಕೆ, ವಯಸ್ಸು ಅರವತ್ತೆರಡು,
ಪೆನ್ಸಿಲನ್ನು ಸೌಟಿನ ಹಾಗೆ ಹಿಡಿದು ಕೂತಿದ್ದಾಳೆ.

ಮೇಷ್ಟ್ರು ವಿಲ್ಬೆರ್‌ಗೆ ಇನ್ನೂ ಮೀಸೆ ನೆಟ್ಟಗೆ ಮೂಡಿಲ್ಲ.
"ಇವತ್ತು ಬೇಡ ಅನ್ನುವುದನ್ನು ಕಲಿಯೋಣ" ಅಂದ.
"ಮೊದಲು ನಾನು ಅನ್ನಿ. ಲಾವೋ, ನಾನು ತೊಳೆಯುತ್ತೇನೆ.
ಕೊನೆಯ ಓ ಕತ್ತರಿಸಿ. ನಾನು ಹೋಯಿತು.
ಉಳಿದ ಮೋಟಿಗೆ ಎಸ್ ಹಚ್ಚಿ, ಮುಂದೆ ನೋ ನಿಲ್ಲಿಸಿ."
ಆರ್ ಮನೆತನಕ್ಕೆ ಏರ್ ಮನೆಯ ಎ,
ಏರ್, ಈರ್ ಮನೆತನಕ್ಕೆ ಆರ್ ಮನೆಯ ಆ,
ಹೆಣ್ಣು ಕೊಟ್ಟು ಹೆಣ್ಣು ತರುವ ಸಾಟಿ ಮದುವೆ, ಅಷ್ಟೆ.
"ಉದಾಹರಣೆ ಯಾರು ಹೇಳ್ತೀರಿ?"

ಕಾಸಿಮಿರಾ ಕೈ ಎತ್ತಲಿಲ್ಲ. ಬಾಯಿ ತಾನೇ ತೆರೆಯಿತು.
ನೋ ತೋಕೆಸ್, ಮುಟ್ಟಬೇಡ.
ನೋ ಎಂತ್ರೆಸ್, ಒಳಗೆ ಬರಬೇಡ.
ನೋ ಮೀರೆಸ್, ಹಾಗೆ ನೋಡಬೇಡ.
ನೋ ಆಬ್ರಾಸ್, ಅತಿಥಿಗಳಿದ್ದಾರೆ, ಬಾಗಿಲು ತೆರೆಯಬೇಡ.
ನೋ ಕೋಮಾಸ್, ಆ ತಟ್ಟೆಯಲ್ಲಲ್ಲ, ನಿನ್ನದು ಅಲ್ಲಿದೆ.
ಒಂದು ಸ್ವರ ತಪ್ಪಲಿಲ್ಲ.
"ಎಲ್ಲಿ ಕಲಿತಿರಿ?" ಅಂದ ಹುಡುಗ.
"ಯಾನಾವಾರಾದ ಒಂದು ಮನೆಯಲ್ಲಿ. ನಲವತ್ತಾರು ವರ್ಷ."

ಹದಿಮೂರಕ್ಕೆ ಕೋಲ್ಕಾ ಕಣಿವೆಯಿಂದ ಬಂದು ಬಸ್ಸಿಳಿದಾಗ
ಅವಳಿಗೆ ಗೊತ್ತಿದ್ದ ಆಮಾ ಒಂದೇ.
ಕೆಚುವಾದಲ್ಲಿ ಅದು ಬೇಡ.
ಆಮಾ ವಕಾಯ್ಚು, ಅಳಬೇಡ ಅಂದಿದ್ದಳು ಅವ್ವ, ಅಳುತ್ತ.
ಇಲ್ಲಿ ನೋಡಿದರೆ ಮನೆಯೊಡತಿಗೇ ಆಮಾ ಅನ್ನುತ್ತಾರೆ!
ಬೇಡಕ್ಕೇ ಕೈಕಾಲು ಬಂದು, ಸೊಂಟಕ್ಕೆ ಬೀಗದಕೈ ಸಿಕ್ಕಿಸಿಕೊಂಡು
ಕೋಣೆ ಕೋಣೆ ತಿರುಗುತ್ತಿದೆಯೆಂದು
ಹುಡುಗಿ ಹೊದಿಕೆಯೊಳಗೆ ನಕ್ಕಿದ್ದಳು.
ನಕ್ಕಿದ್ದು ಒಂದು ವಾರ.

"ಉಳಿದದ್ದು ಮನೆಗೆಲಸ" ಅಂದ ವಿಲ್ಬೆರ್.
ಆ ಮಾತಿಗೆ ಹಿಂದಿನ ಸಾಲಿನ ಮೂವರು ಕಿಸಕ್ಕೆಂದರು.

ಎಡಕ್ಕೆ ಮಾಡು, ಬಲಕ್ಕೆ ಮಾಡಬೇಡ.
ತೊಳೆ, ಇಸ್ತ್ರಿ ಮಾಡು, ಗುಡಿಸು:
ಎಡದ ಮನೆಗಳನ್ನು ಕಣ್ಣುಮುಚ್ಚಿ ತುಂಬಿದಳು.
ಬಲಕ್ಕೆ ಬಂದು ಪೆನ್ಸಿಲು ನಿಂತಿತು.
ತೊಳೆಯಬೇಡ ಎಂದು ಅವಳಿಗೆ ಯಾರೂ ಅಂದಿರಲಿಲ್ಲ.
ತಿನ್ನು, ಮಾತಾಡು, ಒಳಗೆ ಬಾ,
ಇವಕ್ಕೆ ಎಡಗಡೆಯೇ ಖಾಲಿ.
ಕಿವಿ ಕೈಕೊಟ್ಟಿತು. ಮೊದಲ ಸಲ ನಿಯಮ ಬೇಕಾಯಿತು.
ಲಾವೋ. ಓ ಕತ್ತರಿಸಿದಳು. ಎಸ್ ಹಚ್ಚಿದಳು.
ನೋ ಲಾವೆಸ್.
ನೋ ಪ್ಲಾಂಚೆಸ್.
ಗುಡಿಸುವುದು ಏರ್ ಮನೆಯದು, ಅದಕ್ಕೆ ಆಸ್:
ನೋ ಬಾರ್ರಾಸ್.
ದನಿ ತೆಗೆದು ಓದಿಕೊಂಡಳು.
ಮೂಲೆಯ ಪೊರಕೆಯ ಕಡೆಗೊಮ್ಮೆ ತಿರುಗಿ ನೋಡಿದಳು,
ಅದು ಕೇಳಿಸಿಕೊಂಡಿತೇನೋ ಎಂಬಂತೆ.

ಗುರುವಾರ ವಿಲ್ಬೆರ್ ಪುಸ್ತಕದಲ್ಲಿಲ್ಲದ್ದೊಂದು ಹೇಳಿದ.
ನೋ ದೆಸ್ಕಾನ್ಸೆಸ್, ದಣಿವಾರಿಸಿಕೊಳ್ಳಬೇಡ.
ನೋ ಅಳಿಸಿ ಅಲ್ಲಿ ಕೆ ಬರೆದರೆ
ಅದೇ ಮೋಟು, ಅದೇ ಬಾಲ, ಆದರೆ ಹಾರೈಕೆ:
ಕೆ ದೆಸ್ಕಾನ್ಸೆಸ್. ನಿನ್ನ ದಣಿವು ಆರಲಿ.
ಊರೆಲ್ಲ ಮಲಗುವ ಮುಂಚೆ ಹೇಳಿಕೊಳ್ಳುವುದು ಇದನ್ನೇ.
ಬೇಡ ಅನ್ನುವವರೂ, ಹಾಗಾದರೆ,
ಏನನ್ನೋ ಬೇಡುತ್ತಲೇ ಇರುತ್ತಾರೆ.
ಕಾಸಿಮಿರಾ ಅದನ್ನು ಬರೆದುಕೊಳ್ಳಲಿಲ್ಲ.
ಯಾನಾವಾರಾದ ಆ ಮನೆಯ ದೀಪ ಆರುವಾಗ
ಗೋಡೆಯಾಚೆ ಒಬ್ಬರಿಗೊಬ್ಬರು ಅಂದುಕೊಳ್ಳುತ್ತಿದ್ದದ್ದು ನೆನಪಾಯಿತು.

ಮನೆಗೆ ಬಂದು ಆಲೂಗಡ್ಡೆ ಸಾರು ಉಂಡಳು.
ತಟ್ಟೆಯನ್ನು ನಲ್ಲಿಯ ಕೆಳಗೆ ಹಿಡಿದವಳು
ಹಾಗೇ ನಿಂತಳು.
ನೋ ಲಾವೆಸ್, ಕಾಸಿಮಿರಾ.
ನಲ್ಲಿ ತಿರುಗಿಸಿದಳು. ಎರಡು ಹನಿ ಬಿತ್ತು, ಮೂರನೆಯದು ಬೀಳಲಿಲ್ಲ.
ಬೆಳಗಿನವರೆಗೂ ಸಿಂಕಿನಲ್ಲಿ ಆ ತಟ್ಟೆ,
ಅಂಚಿನಲ್ಲಿ ಅಂಟಿ ಒಣಗುತ್ತಿದ್ದ ಒಂದು ಸಿಪ್ಪೆ.